ಪಕ್ಕದ ಸೀಟಿನ ಅಪರಾಧ

ಷರತ್ತಿನ ಮೇಲೆ ಬಿಡುಗಡೆಯಾದವರ ಮೇಲ್ವಿಚಾರಣೆ ನೋಡಿಕೊಳ್ಳುವ ಅಧಿಕಾರಿಗಳೇ,

ಲೈಸೆನ್ಸ್ ಇಲ್ಲದೆ ಕಾರು ಓಡಿಸಿದವನು ನಾನು. ಒಳಗಿರುವವನು ನನ್ನ ತಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಇಷ್ಟು ದಿನ ತಮಾಷೆಗೆ ಆಡುತ್ತಿದ್ದೆ. ಹನ್ನೊಂದು ದಿನಗಳಿಂದ ಆಡುತ್ತಿಲ್ಲ. ಬರುವ ಸೋಮವಾರ ಅವನ ಬಿಡುಗಡೆಯನ್ನು ರದ್ದುಮಾಡಬೇಕೇ ಬೇಡವೇ ಎಂದು ನೀವು ತೀರ್ಮಾನಿಸುತ್ತೀರಿ. ರದ್ದಾದರೆ ಉಳಿದ ಹದಿನಾಲ್ಕು ತಿಂಗಳನ್ನು ಅವನು ಜೈಲಿನಲ್ಲೇ ಕಳೆಯಬೇಕು. ನಿಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗಳಿಗೂ ಮೊಹರು ಬಿದ್ದಿದೆ. ಯಾರಾದರೂ ಓದಿದ ಸೂಚನೆಯಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಗೋದಾಮಿನ ಬೀಗ ಒಡೆದದ್ದಕ್ಕೆ ಅವನು ಮೂರು ವರ್ಷ ಶಿಕ್ಷೆ ಅನುಭವಿಸಿದ. ಅದು ಸುಳ್ಳು ಮೊಕದ್ದಮೆ ಎಂದು ನಾನು ವಾದಿಸುವುದಿಲ್ಲ, ಒಡೆದವನು ಅವನೇ. ಹೊರಗೆ ಬಂದಮೇಲೆ ಸೋಫಾಗಳಿಗೆ ಬಟ್ಟೆ ಹೊದಿಸುವ ಅಂಗಡಿ ಸೇರಿದ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತರೊಳಗೆ ನಿಮ್ಮಲ್ಲಿ ಸಹಿ ಹಾಕಬೇಕೆಂಬುದು ಮೂರನೆಯ ಷರತ್ತು. ಮೂವತ್ತೆಂಟು ಸೋಮವಾರ ಹಾಕಿದ. ಮೂವತ್ತೊಂಬತ್ತನೆಯ ಸೋಮವಾರ ಬಸ್ಸು ಬರಲಿಲ್ಲ. ಒಂಬತ್ತೂವರೆಗೆ ಏದುಸಿರು ಬಿಡುತ್ತಾ ಮನೆಗೆ ವಾಪಸು ಬಂದ.

“ಕಾರು ಹತ್ತು, ನಾನು ಬಿಡ್ತೀನಿ,” ಅಂದೆ.

“ಕಾಗದ ಪತ್ರ ಎಲ್ಲಾ ಸರಿ ಇದೆ ತಾನೇ ಅಣ್ಣಾ?”

“ಓಹೋ, ಈಗ ನೀನು ನನ್ನ ವಿಚಾರಣೆ ಮಾಡೋ ಹಾಗಾಯ್ತಾ? ಕೂತ್ಕೊಳಯ್ಯ ಸುಮ್ನೆ.”

ಕೂತ. ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡ. ನನ್ನ ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿತ್ತು. ನವೀಕರಣಕ್ಕೆ ಕಣ್ಣಿನ ಪರೀಕ್ಷೆಯಾಗಬೇಕು. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅಕ್ಷರಗಳು ಮಸುಕಾಗುತ್ತಿವೆ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಲು ಇಷ್ಟವಿರಲಿಲ್ಲ, ಅಷ್ಟೆ.

ನಿಮ್ಮ ಕಚೇರಿಗೆ ಇನ್ನು ಎರಡು ಬೀದಿ ಇರುವಾಗ ಪೊಲೀಸರು ಕೈ ಅಡ್ಡ ಹಿಡಿದರು. ನನ್ನ ಕಿಟಕಿಯ ಬಳಿ ಬಗ್ಗಿ ದಂಡದ ಚೀಟಿ ಬರೆಯತೊಡಗಿದರು. ಪಕ್ಕದಲ್ಲಿದ್ದವನತ್ತ ಅವರು ತಲೆಯೆತ್ತಿಯೂ ನೋಡಿರಲಿಲ್ಲ. ಅವನು ತಾನಾಗಿ ಬಾಗಿಲು ತೆಗೆದು ಇಳಿದ. ಕಾಂಪೌಂಡಿನ ಗೋಡೆಗೆ ಮುಖಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತ. ಜೈಲಿನೊಳಗೆ, ಸಮವಸ್ತ್ರ ಕಂಡೊಡನೆ ಹಾಗೆ ನಿಲ್ಲಬೇಕಂತೆ.

ಪೆನ್ನು ನಿಂತಿತು. “ಏನ್ರೀ, ನಿಮ್ಮನ್ನ ಇಳೀರಿ ಅಂದವರು ಯಾರು?”

ಅವನು ಗೋಡೆಗೇ ಉತ್ತರ ಕೊಟ್ಟ. ಹೆಸರು ಹೇಳಲಿಲ್ಲ, ಜೈಲಿನಲ್ಲಿ ಕೊಟ್ಟಿದ್ದ ನಾಲ್ಕಂಕಿಯ ಸಂಖ್ಯೆ ಹೇಳಿದ.

ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ನಾನು ದಂಡ ಕಟ್ಟಿ ಊಟದ ಹೊತ್ತಿಗೆ ಮನೆ ಸೇರಿದೆ. ಹೆಂಡತಿ ಮೂರು ತಟ್ಟೆ ಇಟ್ಟಿದ್ದಳು. “ಮೈದುನ ಎಲ್ಲಿ?” ಅಂದಳು. “ಬರ್ತಾನೆ,” ಅಂದೆ. ಕಾಗದ ಪತ್ರದ ಪ್ರಶ್ನೆಯನ್ನು ಹಾರಿಸಿದ್ದನ್ನೂ ಸೇರಿಸಿದರೆ, ಆ ದಿನ ನಾನು ಹೇಳಿದ ಎರಡನೆಯ ಸುಳ್ಳು ಅದು.

ಅವನು ಏಳನೆಯ ಷರತ್ತನ್ನು ಮುರಿದನೆಂಬುದು ನಿಮ್ಮ ಆರೋಪ: ಕಾನೂನು ಮುರಿಯುವವರ ಸಹವಾಸ ಮಾಡತಕ್ಕದ್ದಲ್ಲ. ಸರಿ. ಹಾಗಾದರೆ ನಾಳೆ ಬಸ್ಸು ಹತ್ತುವಾಗಲೂ ಚಾಲಕನ ಲೈಸೆನ್ಸ್ ಕೇಳಿ ಓದಬೇಕೇ? ಎದೆನೋವು ಬಂದರೆ ಆಂಬುಲೆನ್ಸಿನವನದನ್ನು? ಎಂಟನೆಯ ಷರತ್ತನ್ನೂ ದಯವಿಟ್ಟು ಓದಿ: ಅವನು ಅಣ್ಣನ ಮನೆಯಲ್ಲಿ, ಅಣ್ಣನ ನಿಗಾದಲ್ಲಿ ಇರತಕ್ಕದ್ದು. ನನ್ನ ನಡತೆ ಉತ್ತಮವಾಗಿದೆಯೆಂದು ಪ್ರಮಾಣಪತ್ರ ಬರೆದವರು ನಿಮ್ಮ ಕಚೇರಿಯವರೇ. ಈ ಸಹವಾಸವನ್ನು ಅವನಿಗೆ ಗೊತ್ತುಮಾಡಿಕೊಟ್ಟವರು ನೀವು. ಆ ಸಹವಾಸ ಮಾಡಿದ್ದಕ್ಕೆ ಹಿಡಿದವರೂ ನೀವು. ನಿಮ್ಮ ಒಂದು ಷರತ್ತನ್ನು ಪಾಲಿಸಲು ಹೊರಟವನು ಇನ್ನೊಂದನ್ನು ಎಡವಿ ಬಿದ್ದ. ಎರಡನ್ನೂ ಬರೆದವರು ಒಂದೇ ಮೇಜಿನಲ್ಲಿ ಕೂತಿದ್ದರೇ?

ನನ್ನ ಬೇಡಿಕೆ ದೊಡ್ಡದಲ್ಲ. ಏಳನೆಯ ಷರತ್ತಿಗೆ ‘ಗೊತ್ತಿದ್ದೂ’ ಎಂಬ ಒಂದು ಪದ ಸೇರಿಸಿ. ತೀರ್ಮಾನಕ್ಕೆ ಮೊದಲು ನನ್ನ ಹೇಳಿಕೆಯನ್ನು ದಾಖಲಿಸಿಕೊಳ್ಳಿ: ಅವನು ಕೇಳಿದ್ದ, ನಾನು ಬಾಯಿ ಮುಚ್ಚಿಸಿದೆ. ಅವನು ಇದನ್ನು ನಿಮಗೆ ಹೇಳುವುದಿಲ್ಲ. ಅಣ್ಣನ ಮೇಲೆ ಚಾಡಿ ಹೇಳುವ ಅಭ್ಯಾಸ ಅವನಿಗೆ ಚಿಕ್ಕಂದಿನಿಂದಲೂ ಇಲ್ಲ.

ಸೋಮವಾರ ಹತ್ತಕ್ಕೆ ಬರುತ್ತೇನೆ, ಎಂಟಕ್ಕೇ ಮನೆ ಬಿಟ್ಟು, ನಡೆದುಕೊಂಡು. ನಿಮ್ಮೆದುರು ಕೈಗಳನ್ನು ಎಲ್ಲಿಟ್ಟುಕೊಂಡು ನಿಲ್ಲಬೇಕೆಂಬುದು ಮಾತ್ರ ಇನ್ನೂ ತಿಳಿಯುತ್ತಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಇಂದಿಗೂ ‘ಉತ್ತಮ ನಡತೆ’ಯವನಾಗಿರುವ
ಅಣ್ಣ