ಎಲ್ಲ ಹಾಗೇ ಇರುತ್ತೆ ಸರ್

ಮಾರ್ಚ್ 25, 2004. ಗುರುವಾರ

ಕಾಲು ಊದಿದೆ. ದಿನವಿಡೀ ಕುರ್ಚಿಯಲ್ಲೇ ಕೂತಿದ್ದರೂ ಕಾಲು ಯಾಕೆ ಊದುತ್ತದೋ.

ಇವತ್ತೂ ಗಂಟೆ ಜಾಸ್ತಿ ಹೊಡೆದವಳು ನಾನೇ. ‘ಕೇಬಲ್ ಬೇಡ, ತೆಗೆದುಬಿಡಿ’ ಅಂತ ಫೋನ್ ಮಾಡಿದವರನ್ನು ಪುಸಲಾಯಿಸಿ ಉಳಿಸಿಕೊಂಡರೆ ಮೇಜಿನ ಮೇಲಿನ ಹಿತ್ತಾಳೆ ಗಂಟೆ ಹೊಡೆಯಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಥೂ, ಸರ್ಕಸ್ಸು.

ಮಧ್ಯಾಹ್ನ ನಮ್ಮ ಸೂಪರ್‌ವೈಸರ್ ಕರ್ಟ್ ಡೋನಟ್ ಡಬ್ಬ ಹಿಡಿದು ಬಂದ. ಪಕ್ಕದ ಸೀಟಿನ ಯೋಲಂಡಾ ಕಣ್ಣು ಹೊಡೆದಳು. “ಡೋನಟ್ ತಂದವ್ನೆ ಅಂದ್ರೆ ಯಾರ್ದೋ ಕೆಲಸ ಹೋಯ್ತು ಕಣೇ ರೆನ್ನಿ.” ಕೆಲಸ ಹೋಗಿರಲಿಲ್ಲ. ನಮ್ಮ ಲೇಕ್‌ಲೈನ್ ಕೇಬಲ್‌ನವರು ಸರ್ಕ್ಯೂಟ್ ಅನ್ನುವ ಕಂಪ್ಯೂಟರ್ ಚಾನೆಲ್ ಕೊಂಡುಕೊಂಡಿದ್ದಾರಂತೆ. ನಮ್ಮದೇ ಗೇಮ್ ಚಾನೆಲ್ ಜೊತೆ ಸೇರಿಸಿಬಿಡುತ್ತಾರಂತೆ.

ನನ್ನ ಸರ್ಕ್ಯೂಟ್! ಗಂಡ ಬಿಟ್ಟುಹೋದ ಮೇಲೆ ದಿನಾ ಸಂಜೆ ಏಳಕ್ಕೆ ನನ್ನ ಜೊತೆ ಊಟಕ್ಕೆ ಕೂತದ್ದು ಆ ಚಾನೆಲ್ ಒಂದೇ. ‘ಸ್ಕ್ರೂಡ್ರೈವರ್’ ಶೋ ನೋಡಿ ನೋಡಿಯೇ ಕಂಪ್ಯೂಟರ್ ಬಿಚ್ಚಲು ಕಲಿತೆ.

“ಸ್ಕ್ರೂಡ್ರೈವರ್ ಇರುತ್ತಾ ಕರ್ಟ್?” ಕೇಳಿದೆ.

“ಯಾರಾದ್ರೂ ಕೇಳಿದ್ರೆ ಇರುತ್ತೆ ಅನ್ನು.”

“ನಾನೇ ಕೇಳ್ತಾ ಇರೋದು.”

“ಹಂಗಾದ್ರೆ ನಿಂಗೂ ಇರುತ್ತೆ.”

ಡೋನಟ್ ಮುಟ್ಟಲಿಲ್ಲ. ವ್ರತ ಅಂತ ಈಸ್ಟರ್ ತನಕ ಸಿಹಿ ಬಿಟ್ಟಿದ್ದೇನೆ. ಮೂಸಿ ನೋಡಿದೆ, ಅಷ್ಟೇ.

ಮಾರ್ಚ್ 26, ಶುಕ್ರವಾರ

ಚರ್ಚ್ ನೆಲಮಾಳಿಗೆಯಲ್ಲಿ ಮೀನು ಊಟ. ಬೇಗ ಬಂದುಬಿಟ್ಟೆ, ಸರ್ಕ್ಯೂಟ್ ಪ್ರೇಕ್ಷಕರ ವೆಬ್‌ಸೈಟ್ ನೋಡಬೇಕಿತ್ತು.

ಅಲ್ಲಿ ಬೆಂಕಿ ಬಿದ್ದಿದೆ. “ಕಟುಕನ ಕೈಗೆ ಕರು ಕೊಟ್ಟಂಗಾಯ್ತು” ಅಂತ ಒಬ್ಬ. “ನನ್ನ ಮಗ ಮಾತು ಕಲಿತಿದ್ದೇ ಈ ಚಾನೆಲ್ ನೋಡಿ, ಈಗ ಅವನಿಗೆ ಏನಂತ ಹೇಳ್ಲಿ” ಅಂತ ಒಬ್ಬಳು ತಾಯಿ. ಇನ್ನೊಬ್ಬ ಲೇಕ್‌ಲೈನ್‌ನವರ ವಂಶವನ್ನೇ ಬೈದಿದ್ದಾನೆ... ಮೂರು ತಲೆಮಾರಿನವರೆಗೂ. ಬೈಗುಳ ಓದಿ ನಗು ಬಂತು. ಆಮೇಲೆ ನೆನಪಾಯಿತು, ಆ ವಂಶದಲ್ಲಿ ನಾನೂ ಇದ್ದೇನೆ.

ಅಲ್ಲಿ ನನ್ನ ಹೆಸರು ಲೂಸ್ ಸ್ಕ್ರೂ. ಎಲ್ಲಿ ಕೆಲಸ ಮಾಡುತ್ತೇನೆ ಅಂತಾಗಲಿ, ಹೆಂಗಸು ಅಂತಾಗಲಿ ಯಾರಿಗೂ ಹೇಳಿಲ್ಲ.

ಶಂಟರ್ ಖಾಸಗಿಯಾಗಿ ಬರೆದಿದ್ದಾನೆ. ರೈಲ್ವೆ ಯಾರ್ಡಿನಲ್ಲಿದ್ದು ರಿಟೈರ್ ಆದ ಮುದುಕ. ನಿಜವಾದ ಹೆಸರು ಗೊತ್ತಿಲ್ಲ, ಊರು ಮೇರಿಯನ್ ಕಡೆ ಎಲ್ಲೋ. ಹೆಂಡತಿಯನ್ನು ಯಾವಾಗಲೂ ‘ಬಾಸ್’ ಅನ್ನುತ್ತಾನೆ. ಬಾಸ್ ಕ್ರಿಸ್‌ಮಸ್‌ಗೆ ಮುಂಚೆ ತೀರಿಹೋದಳು. ಹೋದ ಬೇಸಿಗೆಯಲ್ಲಿ ಅವಳು ಸ್ಕ್ರೂಡ್ರೈವರ್‌ಗೆ ಲೈವ್ ಕಾಲ್ ಮಾಡಿದ್ದಳು, ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಅಂತ. ಪ್ಲಗ್ಗೇ ಹಾಕಿರಲಿಲ್ಲ! ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು. ಹಿಂದಿನಿಂದ ಇವನು “ನಾನು ಹೇಳ್ಲಿಲ್ವಾ!” ಅಂತ ಕೂಗಿದ್ದ. ನನಗೂ ನೆನಪಿದೆ, ಅವತ್ತು ನಾನೂ ನಕ್ಕಿದ್ದೆ.

ಅದು ಅವನ ಕೇಬಲ್ ಪೆಟ್ಟಿಗೆಯಲ್ಲಿ ರೆಕಾರ್ಡ್ ಆಗಿ ಕೂತಿದೆಯಂತೆ. ಅವಳ ದನಿ ಅಂತ ಉಳಿದಿರುವುದು ಅದೊಂದೇ. ಟೇಪಿಗೆ ಇಳಿಸುವುದು ಹೇಗೆ ಅಂತ ಕೇಳಿದ್ದಾನೆ.

“ಇಳಿಸ್ಬೇಕು ಇಳಿಸ್ಬೇಕು ಅಂತಾನೇ ಇದೀನಿ ಸ್ಕ್ರೂ. ಆದ್ರೆ ಇಳಿಸ್ಬೇಕಾದ್ರೆ ಪೂರ್ತಿ ಓಡಿಸ್ಬೇಕಂತಲ್ಲ, ಪಕ್ಕದಲ್ಲಿ ಕೂತು ಕೇಳೋಕೆ ಇನ್ನೂ ಧೈರ್ಯ ಬಂದಿಲ್ಲ.”

ಯಾವ ವೈರ್ ಎಲ್ಲಿಗೆ ಅಂತ ಈ ವಾರದಲ್ಲೇ ಚಿತ್ರ ಬರೆದು ಕಳಿಸುತ್ತೇನೆ ಅಂದೆ.

ಮಾರ್ಚ್ 29, ಸೋಮವಾರ

ಸ್ಕ್ರೂಡ್ರೈವರ್ ನಿಲ್ಲುತ್ತದೆ. ಕರ್ಟ್ ಬಾಯಿ ತಪ್ಪಿ ಹೇಳಿಬಿಟ್ಟ. ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ ಅಂತಲೂ ಹೇಳಿದ.

ವೆಬ್‌ಸೈಟ್‌ನವರಿಗೆ ಹೇಳಲಿಲ್ಲ. ಹೇಳಬೇಕಿತ್ತಲ್ಲವೇ? ಅಲ್ಲಿ ಎಲ್ಲರೂ ಸೇರಿ ಒಂದೇ ವಾರದಲ್ಲಿ ಕೇಬಲ್ ರದ್ದು ಮಾಡುವ ಮಾತು ನಡೆದಿತ್ತು. ಕಂಪನಿಗೆ ಫೋನ್ ಮಾಡಿದರೆ ಬಟನ್ ಒತ್ತಿ ಒತ್ತಿ ಸಾಕಾಯ್ತು, ಮನುಷ್ಯರೇ ಸಿಗುವುದಿಲ್ಲ ಅಂತ ಗೋಳು. ನನ್ನ ನಾಲಿಗೆ ತುರಿಸಿತು. ಬರೆದೆ: ಯಾವ ಬಟನ್ನೂ ಒತ್ತಬೇಡಿ, ‘ರದ್ದು’ ಅಂತ ಬಾಯಲ್ಲಿ ಹೇಳುತ್ತಲೇ ಇರಿ, ಸೀದಾ ಮನುಷ್ಯರಿಗೆ ಹೋಗುತ್ತೆ.

ಹೊಗಳಿಕೆಯೋ ಹೊಗಳಿಕೆ. “ಲೂಸ್ ಸ್ಕ್ರೂಗೆ ಜೈ!”

ಸೀದಾ ಯಾವ ಮನುಷ್ಯರಿಗೆ ಹೋಗುತ್ತದೆ ಅಂತ ಹೇಳಲಿಲ್ಲ. ನಮ್ಮ ಸಾಲಿಗೇ ಬರುತ್ತದೆ. ನನಗೇ ಬರುತ್ತದೆ.

ಮಾರ್ಚ್ 31, ಬುಧವಾರ

ಬಂದರು. ಸಾಲುಸಾಲಾಗಿ ಲೈನಿಗೆ ಬಂದರು.

ಬೇರೆಯವರಿಗೆ ಅವರು ಬಗ್ಗಲಿಲ್ಲ. ನನಗೆ ಬಗ್ಗಿದರು. ಯಾಕೆ ಬಗ್ಗುವುದಿಲ್ಲ? ಒಬ್ಬೊಬ್ಬರ ಎದೆಯಲ್ಲಿ ಏನಿದೆ ಅಂತ ದಿನಾ ಓದುತ್ತೇನಲ್ಲ. ಆ ತಾಯಿಯೂ ಬಂದಳು. ಹಿಂದೆ ಮಗುವಿನ ಗಲಾಟೆ ಕೇಳಿಯೇ ಗೊತ್ತಾಯಿತು.

“ಮಕ್ಕಳು ಏನಾದ್ರೂ ಸರ್ಕ್ಯೂಟ್ ನೋಡ್ತಾರಾ ಮೇಡಂ?” ಅಂದೆ, ಏನೂ ಅರಿಯದವಳ ಹಾಗೆ.

“ಅಯ್ಯೋ, ಅದು ನೋಡದೆ ನನ್ನ ಮಗ ತುತ್ತು ಇಳಿಸಲ್ಲ ಕಣ್ರೀ.”

“ಹಾಗಾದ್ರೆ ಈಗ್ಲೇ ಯಾಕೆ ತೆಗೆಸ್ತೀರಿ? ಕಾದು ನೋಡಿ. ಶೋ ಎಲ್ಲ ಹಾಗೇ ಇರುತ್ತೆ.”

ಉಳಿದಳು. ಗಂಟೆ ಹೊಡೆದೆ. ಕರ್ಟ್ ನನ್ನ ಹೆಸರನ್ನು ಬೋರ್ಡಿನ ಮೇಲ್ಗಡೆ ಬರೆದ. ಬೇಸಿಗೆಯಲ್ಲಿ ನಮ್ಮ ಸಾಲಿನಲ್ಲಿ ಅರ್ಧ ಜನ ಮಾತ್ರ ಉಳಿಯುತ್ತಾರಂತೆ, ನಾನು ಆ ಅರ್ಧದಲ್ಲಿರುತ್ತೇನಂತೆ.

ಯೋಲಂಡಾ ಮುಖ ಗಂಟು ಹಾಕಿಕೊಂಡು, “ಏನ್ ಮಂತ್ರ ಹಾಕ್ತೀಯೇ ಮಾಟಗಾತಿ?” ಅಂದಳು. ತಮಾಷೆಗೇ ಅಂದದ್ದು. ಮಧ್ಯಾಹ್ನ ಊಟ ಸೇರಲಿಲ್ಲ.

ಸಂಜೆ ಆ ತಾಯಿ ವೆಬ್‌ಸೈಟ್‌ನಲ್ಲಿ ಬರೆದಿದ್ದಾಳೆ, ಒಳ್ಳೇ ಹುಡುಗಿ ಸಿಕ್ಕಿದ್ದಳು, ಶೋ ಇರುತ್ತೆ ಅಂದಳು, ಸ್ವಲ್ಪ ಕಾಯೋಣ. ಒಳ್ಳೇ ಹುಡುಗಿಯಂತೆ. ನಲವತ್ನಾಲ್ಕು ವಯಸ್ಸಿನ ಹುಡುಗಿ.

ಏಪ್ರಿಲ್ 2, ಶುಕ್ರವಾರ

ಡ್ಯೂಟಿ ಮುಗಿಯುವ ಹೊತ್ತಿಗೆ ಮೇರಿಯನ್‌ನಿಂದ ಒಬ್ಬ ಮುದುಕನ ಫೋನ್. ಖಾತೆ ಅಡೀಲ್ ಆಕರ್ಲಿ ಅಂತ ಹೆಂಗಸಿನ ಹೆಸರಲ್ಲಿದೆ.

“ಅಡೀಲ್ ಅವ್ರಿಗೆ ಫೋನ್ ಕೊಡ್ತೀರಾ ಸರ್?”

“ಅವ್ಳು ಫೋನಿಗೆ ಬರೋ ಹಂಗಿಲ್ಲ. ನಾನು ಗಂಡ, ಮರ್ಲ್. ನಂಗೇ ಹೇಳಮ್ಮ.”

ಗಂಡಸು ಸಿಡುಕ. ನಮ್ಮ ಕಂಪನಿಗೆ, ಕಂಪನಿಯ ದೊಡ್ಡವರಿಗೆ, ಅವರ ನಾಯಿಗೂ ಬೈದ. ಮೇರಿಯನ್ ಅಂದ ಕೂಡಲೇ ಶಂಟರ್ ನೆನಪಾದ, ನಿಜ ಹೇಳಬೇಕೆಂದರೆ. ಆದರೆ ಶಂಟರ್ ಎಷ್ಟು ಸಾಧು ಮನುಷ್ಯ. ಮೇರಿಯನ್‌ನಲ್ಲಿ ಮುದುಕರಿಗೇನು ಬರವೇ? ಅಲ್ಲದೆ ಅವನೇ ಅಂತ ಖಾತ್ರಿಯಾದರೆ ನನಗೆ ಮಾತು ಹೊರಡುತ್ತಿರಲಿಲ್ಲ. ಕೇಳಲಿಲ್ಲ.

ಬಗ್ಗಲಿಲ್ಲ ಅಂತ ಕೊನೆಯ ಅಸ್ತ್ರ ತೆಗೆದೆ. ದೊಡ್ಡ ಹೊಸ ಪೆಟ್ಟಿಗೆ, ಪುಕ್ಕಟೆ, ಗುರುವಾರ ನಮ್ಮ ಹುಡುಗ ಬಂದು ಹಳೇದನ್ನು ತೆಗೆದುಕೊಂಡು ಹೊಸದು ಕೂರಿಸುತ್ತಾನೆ.

“ಹಳೇದ್ರಲ್ಲಿ ಏನೇನೋ ರೆಕಾರ್ಡ್ ಮಾಡಿಟ್ಟಿದೀವಲ್ಲಮ್ಮ, ಅದು?”

“ಎಲ್ಲ ಹಾಗೇ ಇರುತ್ತೆ ಸರ್.”

ಇರುವುದಿಲ್ಲ. ನಮಗೆಲ್ಲ ಗೊತ್ತು ಇರುವುದಿಲ್ಲ ಅಂತ. ಇರುವುದಿಲ್ಲ ಅಂದರೆ ಯಾರೂ ಒಪ್ಪುವುದಿಲ್ಲ, ಹಾಗಾಗಿ ನಮ್ಮ ಸಾಲಿನಲ್ಲಿ ಎಲ್ಲರೂ ಅನ್ನುವುದು ಅದನ್ನೇ. ಜನ ರೆಕಾರ್ಡ್ ಮಾಡಿಡುವುದಾದರೂ ಏನು, ಹಳೇ ಬೇಸ್‌ಬಾಲು.

ಮುದುಕ ಮೆತ್ತಗೆ, “ಸರಿ ಬಿಡಮ್ಮ. ನೀನು ಹೇಳಿದ್ಮೇಲೆ ಸರಿ” ಅಂದ.

ಗಂಟೆ ಹೊಡೆದೆ.

ಏಪ್ರಿಲ್ 3, ಶನಿವಾರ

ತಡೆಯಲಾಗದೆ ಪಾಪನಿವೇದನೆಗೆ ಹೋದೆ. ಫಾದರ್ ಸ್ಟಾನ್ ಜಾಲರಿಯ ಆಚೆ ಆಕಳಿಸುತ್ತಿದ್ದರು. ವೆಬ್‌ಸೈಟ್‌ನಲ್ಲಿ ಸ್ನೇಹಿತರು ನಂಬಿ ಹೇಳಿದ್ದನ್ನು ಅವರ ಮೇಲೇ ಬಳಸುತ್ತಿದ್ದೇನೆ ಫಾದರ್, ಕೆಲಸಕ್ಕಾಗಿ ಸುಳ್ಳು ಹೇಳುತ್ತಿದ್ದೇನೆ ಅಂದೆ.

“ಯಾವ ಕೆಲಸಮ್ಮ?”

“ಕೇಬಲ್ ಕಂಪನಿ.”

ಆಕಳಿಕೆ ನಿಂತಿತು. ಆಮೇಲೆ, “ನಮ್ಮ ಮನೆಗೆ ಸ್ಪೋರ್ಟ್ಸ್ ಚಾನೆಲ್ ಯಾಕೆ ಬರ್ತಿಲ್ಲ ನೋಡ್ತೀಯಾ? ಇರ್ಲಿ, ಇರ್ಲಿ, ಅದು ಆಮೇಲೆ.”

ಕೊನೆಗೆ ಪ್ರಾಯಶ್ಚಿತ್ತ ಕೊಟ್ಟರು. “ಆ ವೆಬ್‌ಸೈಟ್ ಈಸ್ಟರ್ ತನಕ ಮುಟ್ಬೇಡ. ಕೇಳಿಸ್ಕೊಳ್ಳೋದೇ ಇಲ್ಲ ಅಂದ್ರೆ ಬಳಸೋದಾದ್ರೂ ಹೇಗೆ?”

“ಕೆಲಸದ ಸುಳ್ಳು, ಫಾದರ್?”

“ಒಂದೊಂದಾಗಿ ಬಿಡಮ್ಮ. ಎಲ್ಲ ಒಟ್ಟಿಗೆ ಬಿಡೋಕೆ ನೀನೇನು ಸಂತಳಾ?”

ಎದೆ ಹಗುರಾಯಿತು. ಮನೆಗೆ ಬಂದು ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದೆ. ಶಂಟರ್‌ಗೆ ಚಿತ್ರ ಕಳಿಸಿಲ್ಲ ಅಂತ ಟವೆಲ್ ಹೊದಿಸುವಾಗ ನೆನಪಾಯಿತು. ಇಷ್ಟು ದಿನ ಕಾದಿದ್ದಾನೆ, ಇನ್ನೊಂದು ವಾರ.

ಏಪ್ರಿಲ್ 8, ಗುರುವಾರ

ಕೆಲಸ ಮುಗಿಸಿ ಚರ್ಚ್ ನೆಲಮಾಳಿಗೆಯಲ್ಲಿ ಹೆಂಗಸರ ಜೊತೆ ಪಿಯೆರೋಗಿ ಕಡುಬು ಮಾಡಲು ಕೂತೆ. ಆಲೂಗೆಡ್ಡೆ ಹೂರಣ ತುಂಬುವುದು, ಅಂಚು ಒತ್ತುವುದು, ಹಿಟ್ಟು ಉದುರಿಸುವುದು. ಬಾರಾನ್ ಅಜ್ಜಿ ನನ್ನದನ್ನು ಎತ್ತಿ ತೋರಿಸಿ, “ನೋಡ್ರೇ, ರೆನ್ನಿ ಮಾಡಿದ್ದು ಬೇಯಿಸಿದ್ರೆ ಬಾಯಿ ಬಿಡುತ್ತೆ” ಅಂದಳು. ಎಲ್ಲರೂ ನಕ್ಕರು. ನಾನೂ.

ಕಂಪ್ಯೂಟರ್ ಮುಟ್ಟಿಲ್ಲ. ಆಸೆಯಾದಾಗಲೆಲ್ಲ ಜಪಮಣಿ ಹಿಡಿದೆ. ನನ್ನ ಮೇಲೆ ನನಗೇ ಹೆಮ್ಮೆ. ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತಿದೆ.

ಏಪ್ರಿಲ್ 12, ಸೋಮವಾರ

ಈಸ್ಟರ್ ಮುಗಿಯಿತು. ಕೆಲಸದಿಂದ ಬಂದು, ಉಳಿದ ಹ್ಯಾಮ್ ತಟ್ಟೆಗೆ ಹಾಕಿಕೊಂಡು, ಟವೆಲ್ ತೆಗೆದೆ.

ಶಂಟರ್‌ನಿಂದ ಖಾಸಗಿ ಪತ್ರ. ಹೋದ ಮಂಗಳವಾರದ್ದು.

“ಸ್ಕ್ರೂ, ನಾನು ಸೋತೆ ಕಣೋ. ರದ್ದು ಮಾಡೋಕೆ ಹೋದೋನು ಹೊಸ ಪೆಟ್ಟಿಗೆ ತಗೊಳ್ಳೋಕೆ ಒಪ್ಕೊಂಡು ಬಂದೆ. ನಿಮ್ಮೆಲ್ರ ಮುಂದೆ ನಾಚಿಕೆ. ಗುರುವಾರ ಬರ್ತಾರೆ. ಬಾಸ್ ಕಾಲ್ ಹಳೇ ಪೆಟ್ಟಿಗೇಲಿದೆಯಲ್ಲ, ಎಲ್ಲ ಹಾಗೇ ಇರುತ್ತೆ ಅಂದ್ಲು ಆ ಹುಡುಗಿ. ನಿಜಾನಾ? ನಿಂಗೆ ಇವೆಲ್ಲ ಗೊತ್ತು. ಗುರುವಾರದೊಳಗೆ ಒಂದು ಮಾತು ಬರಿ. ನೀನು ಬೇಡ ಅಂದ್ರೆ ಆ ಹುಡುಗನ್ನ ಬಾಗಿಲಿಂದಾನೇ ವಾಪಸ್ ಕಳಿಸ್ತೀನಿ.”

ಅದರ ಕೆಳಗೆ ಇನ್ನೊಂದು. ಗುರುವಾರ ಬೆಳಗಿನದು.

“ಬಿಜಿ ಇರ್ಬೇಕು ನೀನು. ಇರ್ಲಿ. ಏನೂ ಬರೀಲಿಲ್ಲ ಅಂದ್ರೆ ತೊಂದ್ರೆ ಇಲ್ಲ ಅಂತ್ಲೇ ಅರ್ಥ ಮಾಡ್ಕೊತೀನಿ.”

ದೇವರೇ. ದೇವರೇ. ನಾನು ಜಪಮಣಿ ಹಿಡಿದು ಕೂತಿದ್ದೆ.

ಏಪ್ರಿಲ್ 13, ಮಂಗಳವಾರ

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಅಡೀಲ್ ಆಕರ್ಲಿ ಖಾತೆ ತೆಗೆದೆ. ಪೆಟ್ಟಿಗೆ ಬದಲಾಗಿದೆ. ಗಿರಾಕಿಯನ್ನು ಉಳಿಸಿಕೊಂಡವರು ಅಂತ ನನ್ನ ಹೆಸರಿದೆ.

ಗೋಡೌನಿಗೆ ಫೋನ್ ಮಾಡಿದೆ. ನಂಬರ್ ಹೇಳಿ, ಆ ಪೆಟ್ಟಿಗೆ ತೆಗೆದಿಡಪ್ಪ, ಎಲ್ಲಿದ್ದರೂ ನಾನೇ ಬಂದು ತಗೊಂಡು ಹೋಗ್ತೀನಿ ಅಂದೆ.

“ಎಲ್ಲಿಂದ ತೆಗೆದಿಡ್ಲಿ? ಬಂದ ದಿನಾನೇ ಅಳಿಸಿಬಿಡ್ತೀವಮ್ಮ. ಅದು ಆಗ್ಲೇ ಯಾರ್ದೋ ಮನೆ ಸೇರ್ಕೊಂಡಿದೆ.”

“ಅಳಿಸಿದ್ದನ್ನ ವಾಪಸ್...”

“ಏನಿತ್ತು ಅದ್ರಲ್ಲಿ, ಬೇಸ್‌ಬಾಲಾ?”

ಫೋನ್ ಇಟ್ಟೆ. ಬಚ್ಚಲಿಗೆ ಹೋಗಿ ಅತ್ತೆ. ಯೋಲಂಡಾ ಬಾಗಿಲು ಬಡಿದಳು. “ರೆನ್ನಿ, ಏನಾಯ್ತೇ? ಯಾರಾದ್ರೂ ಹೋದ್ರಾ?” ಏನಂತ ಹೇಳಲಿ. ಹೌದು ಅಂದೆ. ಯಾರು ಅಂದಳು. ಬಾಸ್ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಸರ್ಕ್ಯೂಟ್ ಆಫೀಸಿಗೂ ಫೋನ್ ಮಾಡಿದೆ, ಹಳೇ ಶೋ ಟೇಪ್ ಸಿಗುತ್ತಾ ಅಂತ. ಅಲ್ಲಿ ಫೋನ್ ಎತ್ತಿದವಳು ತನ್ನ ಮೇಜು ಖಾಲಿ ಮಾಡುತ್ತಿದ್ದಳು. “ದಿನದ ಶೋ ಯಾರು ಇಟ್ಕೊತಾರೆ ಮೇಡಂ, ಅದೇ ಟೇಪ್ ಮೇಲೆ ಮತ್ತೆ ತೆಗೀತಾ ಇದ್ವಿ” ಅಂದಳು. ಪಾಪ, ಅವಳ ದನಿಯೂ ಒಡೆದಿತ್ತು.

ವೆಬ್‌ಸೈಟ್‌ನಲ್ಲಿ ಕೇಳಿದೆ, ಯಾರ ಬಳಿಯಾದರೂ ಹೋದ ಬೇಸಿಗೆಯ ಆ ಪ್ರಿಂಟರ್ ಕಾಲ್ ಇದೆಯೇ ಅಂತ. ನೂರೆಂಟು ಜನ ಹುಡುಕಿದರು. ಪಾಪ, ಒಳ್ಳೆಯವರು. ಯಾರ ಬಳಿಯೂ ಇಲ್ಲ.

ಏಪ್ರಿಲ್ 18, ಭಾನುವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಶಂಟರ್‌ಗೂ ಬರೆಯಲಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಗಂಟೆ ಹೊಡೆಯಲಿಲ್ಲ. ಕರ್ಟ್ ಹುಷಾರಿಲ್ವಾ ಅಂತ ಕೇಳಿದ.

ಇವತ್ತು ಅವನೇ ಬರೆದಿದ್ದಾನೆ.

“ಸ್ಕ್ರೂ, ನೀನು ಎಲ್ರನ್ನೂ ಕೇಳ್ತಾ ಇದ್ದಿದ್ದು ನೋಡ್ದೆ. ನಂಗೋಸ್ಕರ ಅಷ್ಟು ಒದ್ದಾಡಿದೀಯಲ್ಲ, ನಿನ್ನ ಋಣ ಹೆಂಗೆ ತೀರಿಸ್ಲಿ. ಹೊಸ ಪೆಟ್ಟಿಗೇಲಿ ಏನೂ ಇಲ್ಲ. ಪೂರ್ತಿ ಖಾಲಿ. ಮೊದ್ಲು ಆ ಹುಡುಗಿ ಮೇಲೆ ಸಿಟ್ಟು ಬಂತು. ಆಮೇಲೆ ಯೋಚ್ನೆ ಮಾಡ್ದೆ, ಪಾಪ ಅವ್ಳಿಗೇನು ಗೊತ್ತು, ಬರೆದುಕೊಟ್ಟಿದ್ದು ಓದ್ತಾಳೆ. ದನಿ ಒಳ್ಳೇದಿತ್ತು ಕಣೋ. ಬಾಸ್ ಇದ್ದಿದ್ರೆ ಅವ್ಳೇ ಅನ್ನೋಳು, ಆ ಮಗೂನ ಬೈಬೇಡ ಮರ್ಲ್ ಅಂತ. ನಾನೇ ದಡ್ಡ, ಕೂತು ಕೇಳೋಕೆ ಹೆದರಿದೆ. ಆದ್ರೂ ಒಂದು ಮಾತು ತಲೇಲಿ ಕೊರೀತಾ ಇದೆ. ನಿಂಗೆ ಈ ಕಂಪನಿಯವ್ರ ರೀತಿ ನೀತಿ ಎಲ್ಲ ಗೊತ್ತಲ್ಲ, ನೀನೇ ಹೇಳು. ಆ ಹುಡುಗಿಗೆ ಗೊತ್ತಿತ್ತಾ?”

ಇಲ್ಲ ಅಂತ ಬರೆದೆ. ಅಳಿಸಿದೆ. ಹೋಗಲಿ ಬಿಡು ಅಂತ ಬರೆದೆ. ಅದನ್ನೂ ಅಳಿಸಿದೆ.

ಇಲ್ಲ ಅಂದರೆ ಅವನು ನೆಮ್ಮದಿಯಾಗಿರುತ್ತಾನೆ. ನಂಬುತ್ತಾನೆ, ನಾನು ಹೇಳಿದ್ದೆಲ್ಲ ನಂಬುತ್ತಾನೆ. ಮತ್ತೊಂದು ಗಂಟೆ ಹೊಡೆದ ಹಾಗೆ.

ಕಂಪ್ಯೂಟರಿನಲ್ಲಿ ಕೈ ಓಡುತ್ತಿಲ್ಲ. ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ನೋಡಿಕೊಂಡು ಅಲ್ಲಿ ಒತ್ತುತ್ತೇನೆ.

ಮರ್ಲ್, ಆ ಹುಡುಗಿಗೆ ಗೊತ್ತಿತ್ತು. ಅವಳ ಹೆಸರು