ಸಿಟ್ಟಾದ ಹುಡುಗಿಯ ಕಥಿ

ವೆರ್ಣಾ ಊರಿಂದ

ಪ್ರೀತಿಯ ಸಿಸ್ಟರ್ ಇನಾಸಿಯಾ ಅವರಿಗೆ,

ನಮ್ಮ ಚರ್ಚಿನ ಮಕ್ಕಳ ಕಪಾಟಿಗೆ ಪುಸ್ತಕ ಆರಿಸೋ ಕೆಲಸ ನನಗ ಬಂದೈತ್ರಿ. ದೇವರ ಮ್ಯಾಲ ಸಿಟ್ಟಾದ ಹುಡುಗಿಯ ಕೊಂಕಣಿ ಕಥಿ ನೋಡಿ ಕಮಿಟಿಯವರು, "ಇದು ಮಕ್ಕಳಿಗೆ ಬ್ಯಾಡ, ಸಂತರ ಕಥಿ ಸಾಕು" ಅಂದ್ರು.

ಅವ್ವ ತೀರಿಕೊಂಡ ವರ್ಷ ನಾ ಪ್ರಾರ್ಥನಿ ಬಿಟ್ಟಿದ್ದೆ. ನೀವು ಬೈಲಿಲ್ಲ. ಶಾಲಿ ಜಗಲಿ ಮ್ಯಾಲ ಬಾಜೂಕ ಕೂಡಿಸಿಕೊಂಡು, ನಿಮ್ಮ ಹರಕುಮುರಕು ಕನ್ನಡದಾಗ ಇದೇ ಕಥಿ ಹೇಳಿದ್ರಿ. "ಸಿಟ್ಟನ್ನೂ ದೇವರ ಮುಂದನ ಹೇಳು, ಅದೂ ಪ್ರಾರ್ಥನಿನ" ಅಂದ್ರಿ.

ಮೀಟಿಂಗಿನ್ಯಾಗ ಅದನ್ನ ಹೇಳಿದೆ. ಫಾದರ್ ತಾವ ಎದ್ದು ಪುಸ್ತಕ ಕಪಾಟಿನ್ಯಾಗ ಇಟ್ರು.

ಮೊನ್ನೆ ಅಪ್ಪನ್ನ ಕಳಕೊಂಡ ನಮ್ಮ ಓಣಿಯ ಹುಡುಗಿ ಸಲೋಮಿಗೆ ಕೊಂಕಣಿ ಓದಾಕ ಬರಾಂಗಿಲ್ಲ. ರವಿವಾರ ಅಕಿಗೆ ನಾನ ಕನ್ನಡದಾಗ ಓದಿ ಹೇಳತೇನಿ. ಮೊಣಕಾಲು ಬ್ಯಾನಿ ಕಡಿಮಿಯಾಗಿದ್ರ ನೀವೂ ಬರ್ರಿ. ಕಡೀ ಪುಟ ಮಾತ್ರ ನಿಮ್ಮ ಹರಕುಮುರಕು ಕನ್ನಡದಾಗ ನೀವ ಹೇಳಬೇಕ್ರಿ.

ನಿಮ್ಮ
ಕರುಣಾ