ನೀಲಿಗೆ ತಿರುಗದ ನೀರು

ಜೂನ್ ೧೧, ಬೆಳಿಗ್ಗೆ

ಈಜುಕೊಳದ ನೀರಿನ ಗಡಸುತನ ನೋಡಿದೆ. ಪುಡಿ ಹಾಕಿದರೆ ಗುಲಾಬಿ. ಆಮೇಲೆ ಒಂದೊಂದೇ ಹನಿ ಮದ್ದು, ಅಲುಗಾಡಿಸು, ಮತ್ತೊಂದು ಹನಿ... ನೀಲಿಗೆ ತಿರುಗಿದಲ್ಲಿ ನಿಲ್ಲಿಸಬೇಕು. ಹನಿ ಹೆಚ್ಚು ಹಿಡಿದಷ್ಟೂ ನೀರಲ್ಲಿ ಸುಣ್ಣ ಹೆಚ್ಚು. ಇವತ್ತು ನೇರಳೆಯಲ್ಲೇ ಕೂತುಬಿಟ್ಟಿತು. ಇಪ್ಪತ್ತೊಂದನೇ ಹನಿಗೆ ಬೇಜಾರಾಗಿ ಇದೇ ನೀಲಿ ಅಂದುಕೊಂಡೆ. ಸುಣ್ಣ ಧಾರಾಳ. ಸುಣ್ಣ ಕಮ್ಮಿಯಾದರೆ ಸುರಿಯುವ ಕ್ಯಾಲ್ಸಿಯಂ ಮೂಟೆ ಬಿಚ್ಚುವ ಕೆಲಸ ತಪ್ಪಿತು. ಪಾಚಿಗೆ ಹಾಕಿದ ತಾಮ್ರದ ಔಷಧಿಯೂ ಚೆನ್ನಾಗಿ ಹಿಡಿದಿದೆ.

ಅಪಾರ್ಟ್‌ಮೆಂಟ್ ಸಮಿತಿಯ ಲಿಯೆನ್ ಮೇಡಂ ಬಾಲ್ಕನಿಯಿಂದ ಬಗ್ಗಿದರು. "ಜುವಾಂಗ್, ನೀರು ಹೇಗಿದೆ?"

"ಕುಡಿಯಬೇಡಿ ಅಂತ ಬೋರ್ಡ್ ಹಾಕ್ಬೇಕು ಮೇಡಂ, ಅಷ್ಟು ಚೆನ್ನಾಗಿದೆ."

ನಕ್ಕರು. ಕೊಳದ ಉಸ್ತುವಾರಿಯವರೆಗೆ ನಾನು ಮೇಲೆ ಬಂದದ್ದೇ ಬಾಯಿಯಿಂದ. ಕೊಳದ ಹೊಸ ಟೈಲ್ಸ್ ಕೆಲಸ ಷಿಯೌ ಮೇಸ್ತ್ರಿಗೆ ಕೊಡಿಸಿದ್ದೂ ಇದೇ ಬಾಯಿ.

ಜುಲೈ ೨

ಮತ್ತೆ ನೇರಳೆ. ಮತ್ತೆ ನೀಲಿ ಅಂದೆ.

ಆಗಸ್ಟ್ ೬

ಚಾಂದ್ರಮಾನದ ಏಳನೇ ತಿಂಗಳು ಶುರು. ದೆವ್ವಗಳು ಊರೊಳಗೆ ಓಡಾಡುವ ಕಾಲ, ನಮ್ಮ ಕೀಲುಂಗ್ ಊರಲ್ಲಿ ಯಾರೂ ನೀರಿಗಿಳಿಯರು. ನಮ್ಮ ಬಿಲ್ಡಿಂಗಿನ ತುಂಗ್ ಅಜ್ಜಿ ಒಬ್ಬಳೇ ಈಜಿದಳು. ಮೇಲೆ ಬಂದಾಗ ಪಾದದಲ್ಲಿ ರಕ್ತ.

"ಏನೋ ಕಚ್ಚಿತು ಕಣೋ."

"ಈ ತಿಂಗಳಲ್ಲಿ ಇಳಿದರೆ ಮುದ್ದು ಮಾಡಿ ಕಳಿಸ್ತಾರಾ ಅಜ್ಜಿ?"

ಸುತ್ತ ಇದ್ದವರೆಲ್ಲ ನಕ್ಕರು. ಎಲ್ಲರೂ ಹೋದ ಮೇಲೆ ನೀರೊಳಗೆ ಟೈಲ್ಸ್ ಮೇಲೆ ಕೈಯಾಡಿಸಿದೆ. ಟೈಲ್ಸ್ ಸಂದಿಯ ಸಿಮೆಂಟ್ ಮರಳಿನ ಹಾಗೆ ಉದುರಿತು. ಟೈಲ್ಸ್ ಅಂಚು ಬ್ಲೇಡು.

ಆಗಸ್ಟ್ ೯

ಕೊಳ ಖಾಲಿ ಮಾಡಿಸಿದರು. ಮೇಡಂ ಸಂದಿ ಕೆರೆದು ಮೇಸ್ತ್ರಿಯ ಮುಖದೆದುರು ಹಿಡಿದರು.

"ಸಿಮೆಂಟಾ ಇದು? ಮರಳು! ಈ ಗುಡ್ಡದ ಯಾವ ಬಿಲ್ಡಿಂಗೂ ನಿನ್ನನ್ನ ಕರೀಬಾರದು, ಹಾಗೆ ಮಾಡ್ತೀನಿ."

"ಮೇಡಂ, ನನ್ನ ಕೈಯಾರೆ ಕಲಸಿದ್ದು." ನನ್ನ ಕಡೆ ತಿರುಗಿದ. "ಜುವಾಂಗಣ್ಣ, ನೀನೇ ಹೇಳು. ನೀರು ಕೆಟ್ಟರೂ ಸಿಮೆಂಟ್ ಉದುರುತ್ತೆ. ನೀರು ಸರಿ ಇತ್ತಾ?"

"ನೀರು ಸರಿಯಾಗೇ ಇತ್ತು."

ಎರಡು ಸಲ ಕೇಳಿದ. ಎರಡು ಸಲವೂ ಅದೇ ಅಂದೆ.

ಆಗಸ್ಟ್ ೧೦

ತಳದಲ್ಲಿ ನಿಂತಿದ್ದ ನೀರನ್ನು ಬಾಟಲಿಗೆ ತುಂಬಿ ತಂದೆ. ಪರೀಕ್ಷೆಯ ಡಬ್ಬಿಯ ಮುಚ್ಚಳದೊಳಗೆ ಸಣ್ಣ ಅಕ್ಷರ — ಎಂದಾದರೂ ಓದಿದ್ದೆನೇ? ನೀರಲ್ಲಿ ತಾಮ್ರ ಇದ್ದರೆ ಬಣ್ಣ ಕೆಡುತ್ತದೆ, ನೇರಳೆಯಲ್ಲೇ ನಿಲ್ಲುತ್ತದೆ. ಹಾಗಿದ್ದರೆ ಮೊದಲು ಕೆಲವು ಹನಿ ಮದ್ದು, ಆಮೇಲೆ ಪುಡಿ.

ಹಾಗೇ ಮಾಡಿದೆ. ಒಟ್ಟು ಆರನೇ ಹನಿಗೆ ನೀಲಿ. ಆಕಾಶದಂಥ ನೀಲಿ, ಯಾರನ್ನೂ ಕೇಳಬೇಕಿಲ್ಲ.

ಆರು. ಎಲ್ಲಿಯ ಇಪ್ಪತ್ತೊಂದು!

ಸುಣ್ಣವಿಲ್ಲದ ನೀರು ಹಸಿದ ನೀರು. ನಾನು ಉಣಿಸಲಿಲ್ಲ, ಅದು ಮೇಸ್ತ್ರಿಯ ಸಿಮೆಂಟಿನಿಂದ ಕಿತ್ತು ತಿಂದಿತು. ತಾಮ್ರ ಹಾಕಿದವನೂ ನಾನೇ. ಮುಖ ತೊಳೆಯಲು ಹೋದೆ. ಕನ್ನಡಿ ನೋಡಲಿಲ್ಲ.

ಆಗಸ್ಟ್ ೧೩

ಮೇಸ್ತ್ರಿ ಕೊಳದೊಳಗೆ ಮಂಡಿಯೂರಿ ಸಂದಿ ಕೆರೆಯುತ್ತಿದ್ದಾನೆ. ಕೂಲಿ ಇಲ್ಲ. ನನಗೆ ಟೀ ಹಿಡಿದು ಬಂದ. "ನೀನಾದರೂ ನನ್ನನ್ನ ಬೈಲಿಲ್ಲವಲ್ಲಣ್ಣ." ಕುಡಿದೆ. ಲೋಟ ತೊಳೆದು ಕೊಟ್ಟೆ.

ಆಗಸ್ಟ್ ೧೮, ಮಧ್ಯಾಹ್ನ

ಪಂಪ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ದೆವ್ವಗಳ ಊಟದ ಮೇಜು ಸಿದ್ಧ. ಕೋಳಿ, ನೂಡಲ್ಸ್ ಪ್ಯಾಕೆಟ್ಟು, ಅವರು ಮುಖ ತೊಳೆಯಲು ಬೋಗುಣಿಯಲ್ಲಿ ನೀರು, ಹೊಸ ಟವೆಲ್ಲು. ಹಸಿದವರಿಗೆ ಇಷ್ಟೆಲ್ಲ.

ದೆವ್ವಗಳಿಗೆ ಪ್ರಾರ್ಥನೆ ನಾನೇ ಹೇಳಬೇಕಂತೆ. "ನಿನ್ನ ಬಾಯಿ ಚೆನ್ನಾಗಿದೆ," ಅಂದರು ಮೇಡಂ. "ಮೊದಲು ಮೇಸ್ತ್ರಿ ಎಲ್ಲರೆದುರು ತಪ್ಪೊಪ್ಪಿಕೊಳ್ಳಲಿ. ಆಮೇಲೆ ನೀನು."

ತುಂಗ್ ಅಜ್ಜಿ ಪಾದಕ್ಕೆ ಬಟ್ಟೆ ಕಟ್ಟಿಕೊಂಡು ಮುಂದಿನ ಕುರ್ಚಿಯಲ್ಲಿ.

ಮೇಸ್ತ್ರಿ ಕರೆಯುತ್ತಿದ್ದಾನೆ. "ಜುವಾಂಗಣ್ಣಾ, ಬೇಗ ಬಾ. ನೀನು ಪಕ್ಕದಲ್ಲಿದ್ದರೆ ಧೈರ್ಯ."

ಅವನು ಬಾಯಿ ತೆರೆಯುವ ಮೊದಲೇ ಹೋಗಬೇಕು. ಬಾಟಲಿ ತಗೊಂಡೆ. ಡಬ್ಬಿ ತಗೊಂಡೆ. ಮಾತು ಬೇಡ, ಮೇಜಿನ ಮೇಲೆ ಮಾಡಿ ತೋರಿಸುತ್ತೇನೆ. ಹನಿ ಮೇಸ್ತ್ರಿಯೇ ಹಾಕಲಿ. ಬಣ್ಣ ಯಾವುದು ಅಂತ ಅಜ್ಜಿಯೇ ಹೇಳಲಿ, ನಾನು ಹೇಳುವುದು ಬೇಡ, ನನ್ನ ಬಾಯಿಗೆ ಇವತ್ತು ಕೆಲಸವಿಲ್ಲ. ಹೊರಟೆ.